ಕರುವು ಪನಿ: ಬರದ ಕೂಲಿಯ ನೂರೈವತ್ತು ವರ್ಷ



ನಮ್ಮ ಸೀಮೆಯಲ್ಲಿ ಓಬಳಾಪುರ ಎಂದರೆ ಯಾವ ಓಬಳಾಪುರ ಎಂದು ಮರುಪ್ರಶ್ನೆ ಕೇಳಬೇಕಾಗುತ್ತದೆ. ರಾಯದುರ್ಗದ ಕಡೆ ಒಂದಿದೆ, ಬಳ್ಳಾರಿಯ ಗಡಿಗೆ ಅಂಟಿಕೊಂಡು, ಕಬ್ಬಿಣದ ಅದಿರಿನ ಗುಡ್ಡದ ಬಗಲಿನಲ್ಲಿ. ಮಡಕಶಿರಾ ಕಡೆ ಇನ್ನೊಂದಿದೆ. ಅಹೋಬಲದ ನರಸಿಂಹಸ್ವಾಮಿ ಜನರ ಬಾಯಲ್ಲಿ ಓಬಳನಾದ. ಅವನ ಒಕ್ಕಲು ಇದ್ದ ಕಡೆಯೆಲ್ಲ ಒಂದೊಂದು ಓಬಳಾಪುರವಾಯಿತು. ಈ ಎರಡೂ ಕಡೆ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಎರಡೂ ಕಡೆ ಮಳೆ ಕಡಿಮೆ. ಎರಡೂ ಕಡೆ ಜನ ಒಂದು ಕೆಲಸಕ್ಕೆ ಒಂದೇ ಹೆಸರಿಟ್ಟಿದ್ದಾರೆ: ಕರುವು ಪನಿ. ಅಚ್ಚ ಕನ್ನಡದಲ್ಲಿ ಹೇಳಬೇಕೆಂದರೆ ಬರದ ಕೆಲಸ.

ಕೆಲವು ವರ್ಷಗಳ ಹಿಂದಿನ ಮಾತು. ಪಂಚಾಯ್ತಿ ಕಚೇರಿಯ ಎದುರಿನ ಬೇವಿನಕಟ್ಟೆಯ ಮೇಲೆ ನಾವು ನಾಲ್ಕಾರು ಮಂದಿ ರೈತರು ಕುಳಿತಿದ್ದೆವು. ನಮ್ಮಲ್ಲಿ ಹಿರಿಯರೊಬ್ಬರು ಎಲೆಅಡಿಕೆ ಉಗುಳಿ, "ಈ ಕರುವು ಪನಿ ಬಂದ ಮೇಲೆ ಜನ ಕೆಟ್ಟರು ಕಣಯ್ಯಾ. ಎರಡು ಬುಟ್ಟಿ ಮಣ್ಣು ಎತ್ತಿ ಹಾಕಿದರೆ ಕೂಲಿ ಬಂತು. ಹೊಲಕ್ಕೆ ಬನ್ನಿ ಅಂದರೆ ಒಬ್ಬರೂ ಬರೋದಿಲ್ಲ. ಸರ್ಕಾರ ಕೂಡಿಸಿ ಊಟ ಹಾಕಿದರೆ ಯಾರು ತಾನೆ ದುಡೀತಾರೆ?" ಎಂದರು. ನಾನೂ ತಲೆದೂಗಿದೆ. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ನಿಂತಳು. ನಮ್ಮ ಹೊಲದಲ್ಲೇ ಇಪ್ಪತ್ತು ವರ್ಷ ಕಳೆ ತೆಗೆದವಳು. ನಾನು ಅಕ್ಕ ಎಂದೇ ಕರೆಯುವುದು. "ಹೌದು ಸಾಮಿ, ಸುಖಕ್ಕೇ ಹೋಗೋದು ನಾವು. ಮನೇಲಿ ಬಿಸಿಲು ಸಾಲದು ಅಂತ ಅಲ್ಲಿಗೆ ಹೋಗ್ತೀವಿ" ಎಂದು ಹೇಳಿ ಹೊರಟುಹೋದಳು. ಕಟ್ಟೆಯ ಮೇಲೆ ಯಾರೂ ನಗಲಿಲ್ಲ.

ಅಂದಿನಿಂದ ಈ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಕಡಿಮೆ ಕೂಲಿಯ ಕೆಲಸ ಒಲ್ಲೆ ಎನ್ನುವವನು ಸೋಮಾರಿಯೆ? ಕೆಲಸ ಸಿಗದವನಿಗೆ ಸರ್ಕಾರ ಭತ್ಯೆ ಕೊಟ್ಟರೆ ಅವನು ಕೆಡುತ್ತಾನೆಯೆ? ತನ್ನ ಹೊಟ್ಟೆಯ ಹೊಣೆ ತನ್ನದೊಂದೇ ಅಥವಾ ಊರಿನದೂ ಹೌದೆ? ಈ ಪ್ರಶ್ನೆಗಳು ಹೊಸವೆಂದು ನಾವು ತಿಳಿದಿದ್ದೇವೆ. ಆದರೆ ಇದೇ ನೆಲದ ಮೇಲೆ, ಇದೇ ಮಾತುಗಳಲ್ಲಿ, ಈ ಜಗಳ 1877ರಲ್ಲೇ ನಡೆದಿದೆ. ಅಂದು ಅದನ್ನು ಆಡಿದವರು ಬೇವಿನಕಟ್ಟೆಯವರಲ್ಲ, ವೈಸರಾಯಿಯ ಕಡೆಯವರು.

ಅದಕ್ಕೂ ಮೊದಲು ನಮ್ಮ ಮಾತುಗಳನ್ನೇ ಸ್ವಲ್ಪ ನೋಡೋಣ. ಎರಡು ಭಾಷೆಯವರಿಗೆ ಇದೊಂದು ಅನುಕೂಲ. ತೆಲುಗಿನಲ್ಲಿ ಜೀತಂ ಎಂದರೆ ಸಂಬಳ. ಮೇಷ್ಟರಿಗೂ ಜೀತಂ, ಕಲೆಕ್ಟರಿಗೂ ಜೀತಂ. ಗಡಿ ದಾಟಿ ಪಾವಗಡಕ್ಕೆ ಬಂದು ಒಬ್ಬ ಮೇಷ್ಟರನ್ನು "ನಿಮಗೆ ಜೀತ ಎಷ್ಟು?" ಎಂದು ಕೇಳಿದರೆ ಹೊಡೆಯಲು ಬಂದಾರು. ಕನ್ನಡದಲ್ಲಿ ಜೀತವೆಂದರೆ ಸಾಲಕ್ಕೆ ತಲೆ ಒಪ್ಪಿಸಿ ಧಣಿಯ ಮನೆಯಲ್ಲಿ ದುಡಿಯುವುದು. ಒಂದೇ ಪದ, ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ಸಂಕೋಲೆ. ಇನ್ನು ನಮ್ಮ ಬಿಟ್ಟಿ ಎಂಬ ಪದ. ತೆಲುಗಿನ ವೆಟ್ಟಿ ಇದರ ಒಡಹುಟ್ಟು. ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಕೂಲಿ ಕೊಡದೆ ಮಾಡಿಸುವ ಬಲವಂತದ ದುಡಿಮೆ ಎಂದು ಇದರ ಮೂಲದ ಅರ್ಥ. ಅಧಿಕಾರಿ ಊರಿಗೆ ಬಂದರೆ ಅವನ ಸಾಮಾನು ಹೊರುವುದು ಬಿಟ್ಟಿ. ಆದರೆ ಇವತ್ತು ನಾವು "ಬಿಟ್ಟಿ ಕೂಳು" ಎನ್ನುತ್ತೇವೆ, ದುಡಿಯದೆ ತಿನ್ನುವುದಕ್ಕೆ. ಕೂಲಿ ಇಲ್ಲದೆ ದುಡಿದವನ ಹೆಸರು, ದುಡಿಯದೆ ಕೂಳು ತಿಂದವನಿಗೆ ಯಾವಾಗ ಹೋಯಿತೋ ಕಾಣೆ. ಹೋದದ್ದಂತೂ ನಿಜ.

ಕನ್ನಡದವರಿಗೆ ದುಡಿಮೆಯ ಬಗ್ಗೆ ಒಂದು ದೊಡ್ಡ ಪರಂಪರೆಯೇ ಇದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕ ಎಂದರು. ಆಯ್ದಕ್ಕಿ ಮಾರಯ್ಯ ನೆಲದ ಮೇಲೆ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ, ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ನಾವು ಕೂಲಿಯವರಿಗೆ ಹೇಳುತ್ತಾ ಬಂದಿದ್ದೇವೆ: ನೋಡು, ಇದ್ದುದರಲ್ಲಿ ತೃಪ್ತಿಪಡು ಎಂದು. ಆದರೆ ಲಕ್ಕಮ್ಮ ಅದನ್ನು ಹೇಳಿದ್ದು ತನ್ನ ಗಂಡನಿಗೆ, ತನ್ನ ಮನೆಯ ಅಕ್ಕಿಯ ವಿಷಯಕ್ಕೆ. ಪಕ್ಕದ ಮನೆಯವನ ಕೂಲಿ ಎಷ್ಟಿರಬೇಕೆಂದು ಅವಳು ಹೇಳಲಿಲ್ಲ. ಈ ವ್ಯತ್ಯಾಸವನ್ನು ನಮ್ಮ ಭಾಷಣಕಾರರು ಮರೆಯುತ್ತಾರೆ.

ಈಗ ಧಾತು-ಈಶ್ವರದ ಬರಕ್ಕೆ ಬರೋಣ. ಧಾತು ಸಂವತ್ಸರವೆಂದರೆ 1876-77, ಈಶ್ವರವೆಂದರೆ 1877-78. ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆಗ ಅನಂತಪುರ ಎಂಬ ಪ್ರತ್ಯೇಕ ಜಿಲ್ಲೆ ಇರಲಿಲ್ಲ. ಅದು ಬೇರೆಯಾದದ್ದು 1882ರಲ್ಲಿ. ರಾಯದುರ್ಗವೂ ಮಡಕಶಿರಾವೂ ದೊಡ್ಡ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮಡಕಶಿರಾ ಆಗಲೂ ಈಗಿನಂತೆಯೇ ಮೈಸೂರು ಸೀಮೆಯೊಳಕ್ಕೆ ನಾಲಗೆ ಚಾಚಿದ ಹಾಗೆ ಕುಳಿತಿತ್ತು. ಮದರಾಸು ಪ್ರಾಂತದಲ್ಲಿ ಈ ಬರಕ್ಕೆ ಬಹಳ ಕೆಟ್ಟದಾಗಿ ಸಿಕ್ಕಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಹಳೆಯ ಬಳ್ಳಾರಿ ಜಿಲ್ಲೆಯ ಸೀಮೆಯಲ್ಲಿ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿದಿತ್ತು. ಪಕ್ಕದ ಮೈಸೂರು ಸಂಸ್ಥಾನದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಐದು ಮನೆಗಳ ಒಂದು ಓಣಿ ಕಣ್ಣಮುಂದೆ ತಂದುಕೊಳ್ಳಿ. ಅದರಲ್ಲಿ ಒಂದು ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಸರ್ಕಾರ ಸುಮ್ಮನಿರಲಿಲ್ಲ. ರಸ್ತೆ, ಕೆರೆ, ಕಾಲುವೆ ಎಂದು ಬರಪರಿಹಾರದ ಕೆಲಸಗಳನ್ನು ತೆರೆದರು. ಮದರಾಸಿನ ಬಕಿಂಗ್‌ಹ್ಯಾಮ್ ಕಾಲುವೆಯ ನಗರದೊಳಗಿನ ಭಾಗ ಅಗೆದದ್ದು ಹೀಗೇ, ಬರಗೆಟ್ಟ ಜನರ ಕೈಯಿಂದ. ಬಕಿಂಗ್‌ಹ್ಯಾಮ್ ದೊರೆ ಆಗ ಮದರಾಸಿನ ಗವರ್ನರ್. ಮೊದಮೊದಲು ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡು ಧಾನ್ಯ ಕೊಳ್ಳುವಷ್ಟು ಕೂಲಿಯ ಲೆಕ್ಕವಿತ್ತು. ಲಕ್ಷಗಟ್ಟಲೆ ಜನ ಬಂದರು. ಅಷ್ಟು ಜನ ಬಂದದ್ದೇ ಕಲ್ಕತ್ತೆಯ ದೊಡ್ಡವರಿಗೆ ಗುಮಾನಿಯಾಯಿತು. ಇಷ್ಟು ಮಂದಿ ನಿಜವಾಗಿ ಹಸಿದವರೆ, ಅಥವಾ ಸುಲಭದ ಕೂಲಿಗೆ ಬಂದವರೆ?

ವೈಸರಾಯ್ ಲಿಟ್ಟನ್ ಇದನ್ನು ವಿಚಾರಿಸಲು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳಿಸಿದರು. ಟೆಂಪಲ್ ಕಥೆ ವಿಚಿತ್ರ. 1874ರಲ್ಲಿ ಬಿಹಾರದ ಕಡೆ ಬರ ಬಂದಾಗ ಇದೇ ಮನುಷ್ಯ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಖರ್ಚುಮಾಡಿ, ಬಹಳ ಜನರನ್ನು ಉಳಿಸಿದ್ದ. ಅದಕ್ಕೆ ಅವನಿಗೆ ಸಿಕ್ಕಿದ್ದು ಶಹಬಾಸ್‌ಗಿರಿಯಲ್ಲ, ದುಂದುಗಾರನೆಂಬ ಹೆಸರು. ಪೆಟ್ಟು ತಿಂದ ಮನುಷ್ಯ ಈ ಸಲ ಜಿಪುಣನಾಗಿ ಬಂದ. 1877ರ ಜನವರಿಯಲ್ಲಿ ಅವನು ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಮೇಲೆ ಸ್ವಲ್ಪ ಕಾಸು ಎಂದು ಇಳಿಸಿದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಬಿಸಿಲಿನಲ್ಲಿ ದಿನವಿಡೀ ಮಣ್ಣು ಹೊರುವವನಿಗೆ! ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಅದರ ಜೊತೆ ದೂರದ ಪರೀಕ್ಷೆ: ಮನೆಯಿಂದ ಹತ್ತು ಮೈಲಿಯ ಆಚೆ ಇರುವ ಕೆಲಸಕ್ಕೆ ಹೋದರೆ ಮಾತ್ರ ಕೂಲಿ. ನಿಜವಾಗಿ ಹಸಿದವನು ಹತ್ತು ಮೈಲಿ ನಡೆದಾನು, ಸೋಮಾರಿ ಮನೆಯಲ್ಲೇ ಉಳಿದಾನು ಎಂಬುದು ಲೆಕ್ಕ. ಈ ಲೆಕ್ಕ ಹಾಕಿದವನು ಹಸಿದವನ ಕಾಲನ್ನು ನೋಡಿರಲಾರ.

ಆಗ ಎದ್ದುನಿಂತವರು ಮದರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್. ಅವರು ಹೇಳಿದ್ದು ಸರಳ. ಜೈಲಿನ ಖೈದಿಗೆ ನಾವು ಕೊಡುವ ಪಡಿಗಿಂತ ಇದು ಕಡಿಮೆ. ಒಂದೂವರೆ ಪೌಂಡಿಗೆ ಕಡಿಮೆ ಕೊಟ್ಟರೆ, ಜೊತೆಗೆ ಬೇಳೆ, ತರಕಾರಿ ಇಲ್ಲದಿದ್ದರೆ, ಈ ಜನ ಕೆಲಸ ಮಾಡುತ್ತಲೇ ಸಾಯುತ್ತಾರೆ. ಅರ್ಧ ಪೌಂಡಿನ ಈ ಜಗಳ ಕಾಗದಪತ್ರಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ಒಬ್ಬ ಖಜಾನೆಯ ಲೆಕ್ಕ ಹೇಳಿದ, ಇನ್ನೊಬ್ಬ ಸೊಂಟದ, ತೋಳಿನ ಲೆಕ್ಕ ಹೇಳಿದ. 1877ರ ಮಾರ್ಚ್ ಹೊತ್ತಿಗೆ ಮದರಾಸು ಸರ್ಕಾರ ನಡುವಿನ ದಾರಿ ಹಿಡಿಯಿತು: ಒಂದೂಕಾಲು ಪೌಂಡು ಧಾನ್ಯ, ಒಂದೂವರೆ ಔನ್ಸ್ ಬೇಳೆ. ಬೊಂಬಾಯಿ ಪ್ರಾಂತದ ಕಡೆ ಜನ ಇನ್ನೊಂದು ರೀತಿಯಲ್ಲಿ ಉತ್ತರ ಕೊಟ್ಟರು. ಕೂಲಿ ಇಳಿಸಿದ ಮೇಲೆ ಸಾವಿರಾರು ಮಂದಿ ಗುದ್ದಲಿ ಕೆಳಗಿಟ್ಟು ಕೆಲಸ ಬಿಟ್ಟು ನಡೆದರು. ಪೂನಾದ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಹಸಿದವರ ಮುಷ್ಕರ! ಅಧಿಕಾರಿಗಳು ಅದನ್ನು ಓದಿಕೊಂಡ ಬಗೆ ನೋಡಿ: ಕೆಲಸ ಬಿಟ್ಟು ಹೋಗುತ್ತಾರೆಂದರೆ ಇವರಿಗೆ ಹಸಿವಿಲ್ಲವೆಂದೇ ಅರ್ಥ. ಬಂದರೆ ಸೋಮಾರಿ, ಹೋದರೆ ಹೊಟ್ಟೆ ತುಂಬಿದವನು.

ಈ ಬುದ್ಧಿ ಟೆಂಪಲ್‌ನ ಸ್ವಂತದ್ದಲ್ಲ, ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದದ್ದು. ಅಲ್ಲಿ 1834ರಲ್ಲಿ ಬಡವರ ಕಾನೂನನ್ನು ತಿದ್ದಿದಾಗ ಒಂದು ನಿಯಮ ಮಾಡಿದರು. ಸರ್ಕಾರದ ನೆರವು ಪಡೆಯುವವನ ಸ್ಥಿತಿ, ಹೊರಗೆ ದುಡಿಯುವ ಅತಿ ಬಡ ಕೂಲಿಯವನ ಸ್ಥಿತಿಗಿಂತಲೂ ಕೀಳಾಗಿರಬೇಕು. ಇಲ್ಲದಿದ್ದರೆ ಎಲ್ಲರೂ ನೆರವಿಗೇ ಬರುತ್ತಾರೆ. ಅದಕ್ಕಾಗಿ ಬಡವರ ದುಡಿಮೆಮನೆಗಳನ್ನು ಕಟ್ಟಿ, ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಕೋಣೆಗೆ ಹಾಕಿದರು. ಇಂಗ್ಲೆಂಡಿನ ಅತಿ ಬಡ ಕೂಲಿಯವನಿಗಿಂತ ಕೀಳು ಎಂದರೆ ಅಲ್ಲಿ ಒಣ ರೊಟ್ಟಿಯಾದರೂ ಇತ್ತು. ರಾಯದುರ್ಗದ ಅತಿ ಬಡ ಕೂಲಿಯವನಿಗಿಂತ ಕೀಳು ಎಂದರೆ ಕೆಳಗೆ ಜಾಗವೇ ಇರಲಿಲ್ಲ. ಅದೇ ಇಂಗ್ಲೆಂಡು 1911ರಲ್ಲಿ ಕಾನೂನು ಮಾಡಿ ಕೆಲವು ಕಸುಬುಗಳ ಕಾರ್ಮಿಕರಿಗೆ ಕೆಲಸವಿಲ್ಲದ ವಾರಗಳಲ್ಲಿ ವಾರಕ್ಕೆ 7 ಷಿಲಿಂಗ್ ವಿಮೆಯ ಹಣ ಕೊಡತೊಡಗಿತು. ಅಲ್ಲಿಯವರ ಬುದ್ಧಿ ಬದಲಾಗಲು ಮುಕ್ಕಾಲು ಶತಮಾನ ಹಿಡಿಯಿತೆನ್ನಿ.

ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಬರದ ಸಂಹಿತೆಗಳು ಹುಟ್ಟಿದವು. ದುಡಿಯಬಲ್ಲವನಿಗೆ ಕೆಲಸ, ದುಡಿಯಲಾರದವನಿಗೆ ಧರ್ಮದ ಪಡಿ ಎಂಬುದು ಸರ್ಕಾರದ ಕರ್ತವ್ಯವೆಂದು ಬರಹದಲ್ಲಿ ಬಂತು. ಅದು ದೊಡ್ಡ ಹೆಜ್ಜೆಯೇ. ಆದರೆ ಕೆಲಸವೇ ಹಸಿವಿನ ಪರೀಕ್ಷೆ, ಕೂಲಿ ಜೀವ ಹಿಡಿಯುವಷ್ಟು ಮಾತ್ರ ಎಂಬ ಎರಡು ಮಾತು ಅದರೊಳಗೆ ಹಾಗೇ ಉಳಿದವು. ಕರುವು ಪನಿ ಎಂಬ ಹೆಸರಿನ ಬೇರು ಇಲ್ಲಿದೆ ಎಂದು ನನ್ನ ತಿಳುವಳಿಕೆ.

ಮುಂದಿನ ದಾರಿಯನ್ನು ಬೇಗ ನಡೆದುಬಿಡೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ಉಳಿದ ಬಳ್ಳಾರಿ ಮೈಸೂರಿಗೆ ಹೋಯಿತು. ಬರ ಮಾತ್ರ ಗಡಿ ನೋಡಲಿಲ್ಲ. ಗಂಜಿ ಕೇಂದ್ರಗಳು ಬಂದವು, ಹೋದವು. 1975ರಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯ್ದೆಯಾಯಿತು. 1977ರಲ್ಲಿ ಕೂಲಿಗಾಗಿ ಕಾಳು, 1989ರಲ್ಲಿ ಜವಾಹರ್ ರೋಜ್‌ಗಾರ್. ಇವೆಲ್ಲ ಸರ್ಕಾರ ತೆರೆದರೆ ಉಂಟು, ಮುಚ್ಚಿದರೆ ಇಲ್ಲ. ಮಹಾರಾಷ್ಟ್ರ ಒಂದೇ ಬೇರೆ ಹಾದಿ ಹಿಡಿಯಿತು. 1972ರ ಬರದ ಅನುಭವದಿಂದ, ಕೆಲಸ ಕೇಳಿದವನಿಗೆ ಕೊಡಲೇಬೇಕು ಎಂಬ ಕಾಯ್ದೆಯನ್ನು 1977ರಲ್ಲಿ ಮಾಡಿ 1979ರಿಂದ ಜಾರಿಗೆ ತಂದಿತು.

ಆ ಮಾತು ದೇಶಕ್ಕೆಲ್ಲ ಬಂದದ್ದು 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯಿಂದ. ಮತ್ತು ಕೇಳುಗ ಬಂಧುಗಳೇ, ಅದನ್ನು ಉದ್ಘಾಟಿಸಿದ್ದು ದಿಲ್ಲಿಯಲ್ಲಲ್ಲ. 2006ರ ಫೆಬ್ರವರಿ 2ರಂದು, ನಮ್ಮದೇ ಅನಂತಪುರ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಪ್ರಧಾನಿ ಮನಮೋಹನ್ ಸಿಂಗ್ ಬಂದಿದ್ದರು. ಮೊದಲಿಗೆ 200 ಜಿಲ್ಲೆ, 2008ರ ಏಪ್ರಿಲ್‌ನಿಂದ ದೇಶದ ಎಲ್ಲಾ ಗ್ರಾಮೀಣ ಜಿಲ್ಲೆಗಳು. ತೆಲುಗಿನಲ್ಲಿ ಇದು ಉಪಾಧಿ ಹಾಮಿ. ಕನ್ನಡದ ಕಿವಿಗೆ ಉಪಾಧಿ ಎಂದರೆ ಷರತ್ತು, ತೊಡಕು ಎಂದು ಕೇಳಿಸುತ್ತದೆ. ಮೊದಲ ದಿನ ನಮ್ಮೂರಿನ ಒಬ್ಬ ಕನ್ನಡ ಪಂಡಿತರು ಇದನ್ನು ಹಿಡಿದುಕೊಂಡು ಅರ್ಧ ಗಂಟೆ ನಕ್ಕಿದ್ದರು. ಗಡಿಯಾಚೆ ಕರ್ನಾಟಕದಲ್ಲಿ ಕೆಲಸದ ಮೇಟಿಗೆ ಕಾಯಕ ಬಂಧು ಎಂದು ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಜನ ಮಾತ್ರ ಈ ಯಾವುದನ್ನೂ ಎತ್ತಿಕೊಳ್ಳದೆ, ಮುತ್ತಜ್ಜನ ಕಾಲದ ಕರುವು ಪನಿಯನ್ನೇ ಎತ್ತಿಕೊಂಡರು.

ಈ ಕಾಯ್ದೆಯನ್ನು 1877ರ ನಿಯಮದ ಪಕ್ಕದಲ್ಲಿಟ್ಟು ನೋಡಿ. ಅಂದು ಹತ್ತು ಮೈಲಿಯ ಆಚೆ ಹೋಗಬೇಕಿತ್ತು. ಈ ಕಾಯ್ದೆಯಲ್ಲಿ 5 ಕಿಲೋಮೀಟರ್ ಒಳಗೇ ಕೆಲಸ. ಅದರಾಚೆ ಕಳಿಸಿದರೆ ಕೂಲಿಗೆ ನೂರಕ್ಕೆ ಹತ್ತರಷ್ಟು ಹೆಚ್ಚು ಕೊಡಬೇಕು. ಅಂದು ಖೈದಿಯ ಪಡಿಗಿಂತ ಕಡಿಮೆ. ಇಲ್ಲಿ ಕಾನೂನೇ ಗೊತ್ತುಪಡಿಸಿದ ಕೂಲಿ, ಕುಡಿಯುವ ನೀರು, ನೆರಳು, ಗಾಯಕ್ಕೆ ಔಷಧಿಯ ಪೆಟ್ಟಿಗೆ, ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸು. ಮನೆಯೊಂದಕ್ಕೆ ವರ್ಷಕ್ಕೆ 100 ದಿನ. ಇದರಲ್ಲಿ ಎಷ್ಟು ನೆರಳು ನಿಜವಾಗಿ ಕೆರೆಯಂಗಳಕ್ಕೆ ಬಂತು ಎಂಬುದು ಬೇರೆ ಮಾತು. ನಮ್ಮ ಕಡೆ ಹೆಚ್ಚಾಗಿ ನೆರಳು ಅವರವರ ಸೆರಗಿನದೇ ಆಗಿತ್ತು.

ಇನ್ನು ಭತ್ಯೆ. ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಕೂತು ತಿನ್ನುವ ಹಣ ಎನ್ನುವವರು ಇದರ ಮುಂದಿನ ಸಾಲನ್ನೂ ನೋಡಬೇಕು. ಕೊಟ್ಟ ಕೆಲಸ ಒಲ್ಲೆ ಎಂದವನು, ಕರೆದ 15 ದಿನದೊಳಗೆ ಬಾರದವನು, ಹೇಳದೆ ಕೇಳದೆ ಒಂದು ವಾರಕ್ಕಿಂತ ಹೆಚ್ಚು ತಪ್ಪಿಸಿಕೊಂಡವನು, ಮೂರು ತಿಂಗಳ ಕಾಲ ಭತ್ಯೆ ಕೇಳುವಂತಿರಲಿಲ್ಲ. ಕೂಲಿಯವನ ಹೊಣೆ ಏನೆಂದು ಕಾಯ್ದೆ ಚೆನ್ನಾಗಿಯೇ ಬರೆದಿತ್ತು. ಕೂಲಿಯವನು ಅದನ್ನು ತಪ್ಪಿದರೆ ಶಿಕ್ಷೆ ತಾನಾಗಿ ಬೀಳುತ್ತಿತ್ತು. ಆದರೆ ಕೆಲಸ ಕೊಡಬೇಕಾದವರು ತಪ್ಪಿದರೆ? ಅಲ್ಲಿದೆ ಗಂಟು. ಕೌಶಲ ಬೇಡದ ಕೆಲಸದ ಕೂಲಿಯ ಹಣ ಕೇಂದ್ರದ್ದು; ಭತ್ಯೆಯ ಹಣ ರಾಜ್ಯದ್ದು. ಯಾವ ರಾಜ್ಯಕ್ಕೂ ತಾನು ಕೆಲಸ ಕೊಡಲಿಲ್ಲವೆಂದು ಒಪ್ಪಿಕೊಂಡು ತನ್ನ ಜೇಬಿನಿಂದ ತೆರುವ ಇಷ್ಟವಿರಲಿಲ್ಲ. ಒಪ್ಪಿಕೊಳ್ಳದಿರಲು ಸುಲಭದ ಉಪಾಯ, ಅರ್ಜಿಯನ್ನೇ ತೆಗೆದುಕೊಳ್ಳದಿರುವುದು. ಬಾಯಲ್ಲಿ ಕೇಳಿದರೆ, "ಹೇಳ್ತೀನಿ, ಹೋಗಿ" ಎನ್ನುವುದು. ತಾರೀಖು ಹಾಕಿದ ರಸೀದಿ ಇಲ್ಲದಿದ್ದರೆ 15 ದಿನ ಯಾವತ್ತಿನಿಂದ ಎಣಿಸಬೇಕು? ದೇಶದ ಉದ್ದಗಲಕ್ಕೂ ನಿರುದ್ಯೋಗ ಭತ್ಯೆ ಪಡೆದವರು ಅಪರೂಪ. ಭತ್ಯೆ ಕೊಟ್ಟು ಜನ ಕೆಟ್ಟರು ಎಂಬ ದೂರು ಮಾತ್ರ ಎಲ್ಲ ಕಡೆ ಧಾರಾಳ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಹೇಳದೆ ಮುಂದೆ ಹೋದರೆ ಇಷ್ಟು ಹೊತ್ತು ಟೆಂಪಲ್ ಸಾಹೇಬನನ್ನು ಬೈದದ್ದಕ್ಕೆ ಅರ್ಥವಿಲ್ಲ. ಕಾಯ್ದೆ ಬಂದ ಮೊದಲ ವರ್ಷಗಳಲ್ಲೊಂದು ವರ್ಷ. ಕಡಲೆಕಾಯಿ ಕೀಳುವ ಕಾಲ. ನಮ್ಮ ಹೊಲ ಕೆಂಪು ಮಣ್ಣಿನದು. ಒಂದು ವಾರ ತಡವಾದರೆ ನೆಲ ಗಟ್ಟಿಯಾಗಿ ಗಿಡ ಕೈಗೆ ಬರುತ್ತದೆ, ಕಾಯಿ ಒಳಗೇ ಉಳಿಯುತ್ತದೆ. ಆಳು ಸಿಗಲಿಲ್ಲ. ಸಿಕ್ಕವರು, "ಕರುವು ಪನೀಲಿ ಇಷ್ಟು ಕೊಡ್ತಾರೆ, ನೀವೆಷ್ಟು ಕೊಡ್ತೀರಿ?" ಎಂದರು. ಆ ಪ್ರಶ್ನೆಯನ್ನು ನಮ್ಮ ತಂದೆಯ ಕಾಲದಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕಟ್ಟೆಯ ಮೇಲಿನ ನಾವು ನಾಲ್ಕಾರು ಮಂದಿ ಕೂಡಿಕೊಂಡು, ಊರಿನ ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗನನ್ನು ಕರೆಸಿದೆವು. ನಾನು ಹೇಳಿದ್ದು ಒಂದೇ ಮಾತು: "ಸುಗ್ಗಿ ಮುಗಿಯೋವರೆಗೂ ಕೆಲಸ ತೆರೀಬೇಡಪ್ಪ." ಅವನು ನಮ್ಮ ಕಣ್ಣೆದುರು ಬೆಳೆದವನು, ಇಲ್ಲ ಎನ್ನಲಾರದೆ ತಲೆಯಾಡಿಸಿದ. ಸುಮಾರು ಎರಡು ತಿಂಗಳು ಊರಿನಲ್ಲಿ ಒಂದು ಗುದ್ದಲಿ ಎದ್ದಿಲ್ಲ. ನಮ್ಮ ಕಾಯಿ ಹಳೆಯ ಕೂಲಿಗೇ ಮನೆ ಸೇರಿತು.

ನಮ್ಮ ಕಡೆಯಿಂದಲೂ ನ್ಯಾಯವಿಲ್ಲವೆನ್ನಲಾರೆ. ಇಲ್ಲಿಯ ಸಣ್ಣ ರೈತ ಮಳೆಯನ್ನು ನಂಬಿ ಜೂಜಾಡುವವನು. ರಾಜಸ್ಥಾನದ ಜೈಸಲ್ಮೇರ್ ಬಿಟ್ಟರೆ ಮಳೆ ಕಡಿಮೆ ಎಂದು ಹೆಸರಾದ ಜಿಲ್ಲೆ ನಮ್ಮದು. ಕಾಯಿಯ ಬೆಲೆ ನಾವು ಹೇಳುವುದಲ್ಲ, ಬೀಜದ ಬೆಲೆ ನಾವು ಹೇಳುವುದಲ್ಲ, ಸಾಲದ ಬಡ್ಡಿ ನಾವು ಹೇಳುವುದಲ್ಲ. ನಾವು ಹೇಳಬಹುದಾದ ಬೆಲೆ ಒಂದೇ ಇತ್ತು, ಕೂಲಿಯದು. ಅದೂ ಕೈ ತಪ್ಪಿದಾಗ ಸಿಟ್ಟು ಬಂತು. ಆ ಸಿಟ್ಟಿಗೆ ನಾವು ಇಟ್ಟ ಹೆಸರು, ಜನ ಸೋಮಾರಿಗಳಾದರು. ಬಿತ್ತುವ, ಕೀಳುವ ದಿನಗಳಲ್ಲಿ ಆಳಿನ ಪರದಾಟ ಸುಳ್ಳಲ್ಲ. ಆದರೆ ವರ್ಷದಲ್ಲಿ ಉಳಿದ ಎಂಟೊಂಬತ್ತು ತಿಂಗಳು ಅದೇ ಆಳಿಗೆ ನಾವು ಏನು ಕೊಡುತ್ತಿದ್ದೆವು ಎಂದು ಕಟ್ಟೆಯ ಮೇಲೆ ಯಾರೂ ಲೆಕ್ಕ ಹಾಕಲಿಲ್ಲ.

ಇನ್ನೊಂದು ಬದಲಾವಣೆ ನಮ್ಮ ಓಬಳಾಪುರದ ಗುಡ್ಡದ ಕಡೆಯದು. ಅದಿರಿನ ಕಾಲದಲ್ಲಿ ಲಾರಿಗಳ ಧೂಳಿನಲ್ಲಿ ಹುಡುಗರ ಕೈಗೆ ಹಸಿ ಹಣ ಬಂತು. ಹೊಲ ಬೇಡ, ಕರುವು ಪನಿಯೂ ಬೇಡ. 2009ರ ಕೊನೆಗೆ ಓಬಳಾಪುರದ ಗಣಿ ನಿಂತಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೂ ನಿಲ್ಲಿಸಿತು. ಗಣಿಯ ಹಗರಣದ ವಿಷಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ರಾತ್ರೋರಾತ್ರಿ ಕೆಲಸ ಕಳೆದುಕೊಂಡ ಲಾರಿ ಕ್ಲೀನರ್ ಹುಡುಗರ ವಿಷಯ ಅಷ್ಟು ಬರಲಿಲ್ಲ. ಕೆಲವರು ರಾಯದುರ್ಗಕ್ಕೆ, ಬಳ್ಳಾರಿಗೆ ಜೀನ್ಸ್ ಹೊಲಿಯಲು ಹೋದರು. ಅಲ್ಲಿ ಪೀಸಿನ ಲೆಕ್ಕ. ಹೊಲಿದಷ್ಟು ಕಾಸು, ಕರೆಂಟು ಹೋದರೆ ಕಾಸೂ ಹೋಯಿತು. ಇವರನ್ನು ಯಾರೂ ಸೋಮಾರಿ ಎನ್ನಲಿಲ್ಲ, ಭತ್ಯೆಯನ್ನೂ ಕೊಡಲಿಲ್ಲ.

ಓದಿದ ಮಕ್ಕಳ ಕಥೆ ಬೇರೆ. ಆಂಧ್ರದಲ್ಲಿ 2018ರ ಅಕ್ಟೋಬರ್ 2ರಂದು ಯುವನೇಸ್ತಂ ಎಂದು ತಿಂಗಳಿಗೆ 1000 ರೂಪಾಯಿಯ ಭೃತಿ ಶುರುವಾಗಿ, ಮರುವರ್ಷ ಸರ್ಕಾರ ಬದಲಾದಾಗ ನಿಂತಿತು. ಕರ್ನಾಟಕದಲ್ಲಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಯ ಹಣ ಹಂಚಲಾರಂಭಿಸಿದರು: ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಗಡಿಯ ಈಚೆ ಸೋದರಮಾವನ ಮಗ, ಆಚೆ ಸೋದರತ್ತೆಯ ಮಗ, ಒಬ್ಬನಿಗುಂಟು, ಒಬ್ಬನಿಗಿಲ್ಲ. ನಾನು ಗಮನಿಸಿದ್ದು ಇಷ್ಟೇ. ಪದವೀಧರ ಹುಡುಗ ಮಣ್ಣು ಹೊರಲು ಹೋಗದಿದ್ದರೆ ನಾವು, "ಓದಿದವನು ಪಾಪ" ಎನ್ನುತ್ತೇವೆ. ಓದದವನು ಹೋಗದಿದ್ದರೆ ಕೊಬ್ಬು ಎನ್ನುತ್ತೇವೆ.

2022ರ ಏಪ್ರಿಲ್‌ನಲ್ಲಿ ಜಿಲ್ಲೆಯೂ ಒಡೆಯಿತು. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. 2025ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟು 2005ರ ಕಾಯ್ದೆಯ ಜಾಗಕ್ಕೆ ಬೇರೊಂದು ಕಾಯ್ದೆ ತಂದಿತು. ಬರಹದಲ್ಲಿ 100 ದಿನ 125 ಆಯಿತು. ಕೂಲಿಯ ಹಣದಲ್ಲಿ ನಮ್ಮಂಥ ರಾಜ್ಯಗಳ ಪಾಲು ನೂರಕ್ಕೆ ನಲವತ್ತಾಯಿತು. ಅದರಲ್ಲಿ ಇನ್ನೊಂದು ಕಲಮು ಓದಿ ನಾನು ಸ್ವಲ್ಪ ಹೊತ್ತು ಪತ್ರಿಕೆ ಮಡಿಸಿಟ್ಟೆ. ಬಿತ್ತನೆ, ಸುಗ್ಗಿಯ ಕಾಲಕ್ಕೆ ವರ್ಷದಲ್ಲಿ ಒಟ್ಟು 60 ದಿನ ಈ ಕೆಲಸವನ್ನು ನಿಲ್ಲಿಸಲು ಅವಕಾಶ. ನಾವು ಬೇವಿನಕಟ್ಟೆಯ ಮೇಲೆ ಆ ಹುಡುಗನಿಗೆ ಹೇಳಿದ ಮಾತು ಗೆಜೆಟ್ಟಿನಲ್ಲಿ ಅಚ್ಚಾಗಿತ್ತು. ಅಂದು ನಮಗೆ ಸ್ವಲ್ಪ ಅಳುಕಾದರೂ ಇತ್ತು.

ನಾನು ಹೇಳಿದ ಆ ಸುಗ್ಗಿಯ ವರ್ಷ, ಮುದುಕಿಯ ಮಗ, ಸೊಸೆ ಎರಡು ತಿಂಗಳು ಕಾದು, ಮಗುವನ್ನು ಅವಳ ಹತ್ತಿರ ಬಿಟ್ಟು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ಕರುವು ಪನಿ ತೆರೆದ ಮೇಲೂ ಮರಳಿ ಬರಲಿಲ್ಲ. ಹಬ್ಬಕ್ಕೆ ಬಂದು ಹೋಗುತ್ತಾರೆ. ಈ ಮಾತು ಬರೆಯಲು ಕೂರುವ ಮೊದಲು ಅವಳ ಮನೆಗೆ ಹೋಗಿದ್ದೆ. ಮೊಮ್ಮಗ ಈಗ ದೊಡ್ಡವನು, ನನಗೆ ಕುರ್ಚಿ ಹಾಕಿದ. "ಅಕ್ಕಾ, ಆವತ್ತು ನೀವು ಕೆಲಸ ಬೇಕು ಅಂತ ಅರ್ಜಿ ಕೊಟ್ಟಿದ್ದಿರಾ?" ಎಂದು ಕೇಳಿದೆ. ಅವಳು ಯಾಕೆ ಎಂದು ಕೇಳಲಿಲ್ಲ. ಗೂಡಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ರೇಷನ್ ಕಾರ್ಡಿನ ಕೆಳಗೆ, ಜಾಬ್ ಕಾರ್ಡಿನ ಮಡಿಕೆಯೊಳಗೆ, ಮಾಸಿದ ಒಂದು ಚೀಟಿ. ಮಗನ ಹೆಸರು, ಸೊಸೆಯ ಹೆಸರು ತೆಲುಗಿನಲ್ಲಿ ಬರೆದಿತ್ತು. ಕೆಳಗೆ ಆ ಹುಡುಗನ ರುಜು. ತಾರೀಖಿನ ಜಾಗ ಖಾಲಿ ಇತ್ತು.

"ಓದಿ ಹೇಳಪ್ಪಾ, ಏನೈತೆ ಅದರಾಗೆ?" ಎಂದಳು.